ನಾಲ್ಕನೇ ಕ್ಲಾಸ್ ಮಗ, ಓದು ಹತ್ತುತ್ತಿಲ್ಲ. ಫೀಸಿಲ್ಲದ ಶಾಲೆ ಯಾವುದಾದರೂ ಇದೆಯಾ?

ಕೊಬ್ಬರಿ ಮನೆ · ಫೆಬ್ರವರಿ 11, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೀತಿದೀನಿ. ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ನಮ್ಮದು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಯಜಮಾನ್ರು ಕೊಬ್ಬರಿ ಮಂಡೀಲಿ ತೂಕ ಬರ್ಕೊಳೋ ಕೆಲಸ. ಮಗನಿಗೆ ಒಂಬತ್ತು ತುಂಬಿ ಹತ್ತಕ್ಕೆ ಬಿದ್ದಿದೆ. ಎಲ್‌ಕೆಜಿಯಿಂದ ಊರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೇಲೇ ಇದಾನೆ, ಈಗ ನಾಲ್ಕನೇ ಕ್ಲಾಸು.

ಮಾತು, ನೆನಪು ಎಲ್ಲ ಚುರುಕು. ಭಾನುವಾರ ಅಪ್ಪನ ಜೊತೆ ಮಂಡಿಗೆ ಹೋದ್ರೆ ಮೂರು ಚೀಲದ ತೂಕ ಬಾಯಲ್ಲೇ ಕೂಡಿಸಿ ಹೇಳ್ತಾನೆ. ಅದನ್ನೇ ಚೀಟಿ ಮೇಲೆ ಬರಿ ಅಂದ್ರೆ 48 ಹೋಗಿ 84 ಆಗುತ್ತೆ. ಕನ್ನಡದಲ್ಲಿ ಒತ್ತಕ್ಷರ ಅವನ ಕಣ್ಣಿಗೇ ಬೀಳಲ್ಲ, 'ಹಳ್ಳಿ' ಅಂತಿದ್ರೆ 'ಹಳಿ' ಅಂತ ಓದ್ತಾನೆ. 'ಮರ' ಅಂತ ಸರಿಯಾಗಿ ಓದಿ, ಕೆಳಗಿನ ಸಾಲಲ್ಲಿ ಅದೇ ಪದ ಬಂದ್ರೆ 'ವರ' ಅಂತಾನೆ. ಇಂಗ್ಲಿಷ್ ಬಗ್ಗೆ ಹೇಳೋದೇ ಬೇಡ.

ಕಳೆದ ವಾರ ಶಾಲೆಯಿಂದ ಕರೆಸಿದ್ರು. "ಮುಂದಿನ ವರ್ಷಕ್ಕೆ ಬೇರೆ ಕಡೆ ನೋಡ್ಕೊಳಿ, ಸ್ಪೆಷಲ್ ಸ್ಕೂಲ್ ಆದ್ರೆ ಒಳ್ಳೇದು" ಅಂದ್ರು. ಫೀಸಿನ ಎರಡನೇ ಕಂತು ಬಾಕಿ ಇದೆ, ಅದು ಕಟ್ಟೋವರೆಗೆ ಟಿಸಿ ಇಲ್ಲವಂತೆ. ಸರಿ ಅಂತ ಒಂದು ಸ್ಪೆಷಲ್ ಸ್ಕೂಲಿಗೂ ಕರ್ಕೊಂಡು ಹೋದೆ. ಅಲ್ಲಿನ ಟೀಚರ್ ಅವನ ಜೊತೆ ಹತ್ತು ನಿಮಿಷ ಮಾತಾಡಿ, "ಅಮ್ಮಾ, ನಮ್ಮಲ್ಲಿ ಇರೋದು ಬುದ್ಧಿ ಬೆಳವಣಿಗೆ ಕಡಿಮೆ ಇರೋ ಮಕ್ಕಳು. ಇವನು ಇಲ್ಲಿಗೆ ಸೇರೋ ಮಗು ಅಲ್ಲ" ಅಂದ್ರು. ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ.

ಇಂಥ ಮಕ್ಕಳಿಗೆ ಅಂತಲೇ ಸರ್ಕಾರದ ಶಾಲೆ ಎಲ್ಲಾದ್ರೂ ಇದೆಯಾ? ಹಾಸ್ಟೆಲ್ ಆದ್ರೂ ಪರವಾಗಿಲ್ಲ. ಯಜಮಾನ್ರು ಮೊರಾರ್ಜಿ ಶಾಲೆ ಅಂತಿದಾರೆ. ಗೊತ್ತಿರೋರು ದಯವಿಟ್ಟು ಹೇಳಿ.

---

ಸುಮ್ನೆ ಓದೋನು · ಫೆಬ್ರವರಿ 11, ರಾತ್ರಿ 11:05

ಮೊಬೈಲ್ ಕಿತ್ತಿಡಿ ಮೇಡಂ, ಎಲ್ಲ ಸರಿಹೋಗುತ್ತೆ. ನಮ್ಮ ಕಾಲದಲ್ಲಿ ಎರಡು ಬಿದ್ರೆ ಕಾಗುಣಿತ ತಾನಾಗೇ ಬರ್ತಿತ್ತು.

---

ಹತ್ತರ ಪಾನಾ · ಫೆಬ್ರವರಿ 11, ರಾತ್ರಿ 11:52

ಮೇಲಿನವರಿಗೆ: ನನಗೂ ಬಿದ್ದಿವೆ ಸ್ವಾಮಿ, ಎರಡಲ್ಲ, ಲೆಕ್ಕ ಇಟ್ಟಿಲ್ಲ. ಕಾಗುಣಿತ ಬರಲಿಲ್ಲ, ಶಾಲೆ ಬಿಟ್ಟೆ. ಈಗ ಸ್ವಂತ ಗ್ಯಾರೇಜ್ ಇದೆ, ಇಂಜಿನ್ ಶಬ್ದ ಕೇಳಿಯೇ ಏನಾಗಿದೆ ಅಂತ ಹೇಳ್ತೀನಿ. ಇದನ್ನೂ ಮೊಬೈಲಿಗೆ ಬಾಯಲ್ಲಿ ಹೇಳಿ ಬರೆಸ್ತಿದೀನಿ. ಆ ಮೊಬೈಲ್ ಕಿತ್ತಿಟ್ರೆ ನಿಮಗೆ ಉತ್ತರ ಕೊಡೋಕೂ ಆಗ್ತಿರಲಿಲ್ಲ.

ಅಕ್ಕಾ, ನಿಮ್ಮ ಹುಡುಗ 48 ಅನ್ನ 84 ಬರೀತಾನೆ ಅಂದ್ರಲ್ಲ, ಓದ್ತಿದ್ದಂಗೆ ನನ್ನದೇ ಪಾಟಿ ಕಣ್ಮುಂದೆ ಬಂತು. ಶಾಲೆ ವಿಷಯ ನನಗೆ ಗೊತ್ತಿಲ್ಲ, ಗೊತ್ತಿರೋರು ಬರೀತಾರೆ. ಒಂದು ಮಾತ್ರ ಹೇಳ್ತೀನಿ, ಹಾಸ್ಟೆಲಿಗೆ ಹಾಕಬೇಡಿ. ನನ್ನ ಹಾಕಿದ್ರು. ರಾತ್ರಿ ಹೊತ್ತು ಓದಿ ಹೇಳೋಕೆ ಅಮ್ಮ ಇರಲ್ಲ ಅಲ್ಲಿ.

---

ಏಕೋಪಾಧ್ಯಾಯ · ಫೆಬ್ರವರಿ 12, ಬೆಳಿಗ್ಗೆ 6:15

ಅಮ್ಮ, ನಾನು ಚಿಕ್ಕಮಗಳೂರು ಜಿಲ್ಲೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಮೇಷ್ಟ್ರು. ನೀವು ಕೇಳಿದ್ದಕ್ಕೆ ನೇರ ಉತ್ತರ ಮೊದಲು ಹೇಳಿಬಿಡ್ತೀನಿ. ಡಿಸ್ಲೆಕ್ಸಿಯಾ ಥರದ ಕಲಿಕಾ ನ್ಯೂನತೆ (ಬುದ್ಧಿ ಇದ್ದೂ ಓದು ಬರಹ ಹತ್ತದಿರೋದು) ಇರೋ ಮಕ್ಕಳಿಗೇ ಅಂತ ಬೋರ್ಡ್ ಹಾಕಿಕೊಂಡ ಸರ್ಕಾರಿ ಶಾಲೆ ಹುಡುಕ್ತಾ ಊರೂರು ಅಲೀಬೇಡಿ. ಸರ್ಕಾರದ ಲೆಕ್ಕದಲ್ಲಿ ಇಂಥ ಮಗು ಓದಬೇಕಾದ್ದು ಮನೆ ಹತ್ತಿರದ ಸಾಮಾನ್ಯ ಶಾಲೆಯಲ್ಲೇ, ಬೇಕಾದ ಸಹಾಯ ಅಲ್ಲಿಗೇ ಬರಬೇಕು. ಬರುತ್ತಾ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಆಮೇಲೆ ಬರ್ತೀನಿ.

ನಿಮ್ಮ ಕೈಲಿ ಏನೇನಿದೆ ಅಂತ ಗೊತ್ತಿರಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳನ್ನು ಪಟ್ಟಿ ಮಾಡಿದಾರೆ, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಅದರಲ್ಲಿದೆ. 1995ರ ಹಳೇ ಕಾಯ್ದೆಯಲ್ಲಿ ಇರಲಿಲ್ಲ, ಅದಕ್ಕೇ ಎಷ್ಟೋ ಹಳೇ ಮೇಷ್ಟ್ರುಗಳಿಗೆ ಇದು ಹೊಸ ಮಾತು. ನ್ಯೂನತೆ ಶೇ. 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಇದ್ದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದಿಲ್ಲದೆ ಇದ್ರೂ ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯ್ದೆ, ಅಂದ್ರೆ ಆರ್‌ಟಿಇ ಪ್ರಕಾರ 14ರವರೆಗೆ ಇದ್ದೇ ಇದೆ.

ಟಿಸಿ ವಿಷಯಕ್ಕೆ ಹೆದರಬೇಡಿ. ಆರ್‌ಟಿಇ ಕಾಯ್ದೆಯ 5ನೇ ಸೆಕ್ಷನ್ ನೋಡಿ: ಟಿಸಿ ತಡ ಆಯ್ತು ಅಂತ ಸರ್ಕಾರಿ ಅಥವಾ ಅನುದಾನಿತ ಶಾಲೆಯವರು ಎಂಟನೇ ಕ್ಲಾಸಿನ ಒಳಗಿನ ಮಗುವನ್ನು ವಾಪಸ್ ಕಳಿಸೋ ಹಾಗಿಲ್ಲ. ಶಾಲಾ ಮಕ್ಕಳ ಆನ್‌ಲೈನ್ ದಾಖಲೆಯ ಸ್ಯಾಟ್ಸ್ ನಂಬರ್ ಒಂದು ಬರೆದಿಟ್ಕೊಳ್ಳಿ. ಹಳೇ ಶಾಲೆಯವರು ಎಳೆದಾಡಿದ್ರೆ ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಆಫೀಸಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸ್ಕೊಳ್ಳಿ.

ಮೊರಾರ್ಜಿ ಶಾಲೆಗೆ ಆರನೇ ತರಗತಿಗೆ ಸಾಮಾನ್ಯವಾಗಿ ಪ್ರವೇಶ ಪರೀಕ್ಷೆ ಬರೀಬೇಕು. ಓದೋಕೆ ಕಷ್ಟಪಡೋ ಮಗುವಿಗೆ ಬಾಗಿಲಲ್ಲೇ ಓದಿನ ಪರೀಕ್ಷೆ. ಅದನ್ನ ಸದ್ಯಕ್ಕೆ ಬಿಡಿ.

ಶಾಲೆಗೆ ಹೊರಡಬೇಕು, ಉಳಿದದ್ದು ಸಂಜೆ.

---

ರಾಜಾಜಿನಗರದ ಅಪ್ಪ · ಫೆಬ್ರವರಿ 12, ಬೆಳಿಗ್ಗೆ 9:30

ಮೇಷ್ಟ್ರು ಹೇಳಿದ್ದು ಪುಸ್ತಕದ ಪ್ರಕಾರ ಸರಿ. ಆದ್ರೆ ಇರೋ ಶಾಲೇನ ಅಷ್ಟು ಸುಲಭವಾಗಿ ಯಾಕೆ ಬಿಡ್ಬೇಕು? ಎಂಟನೇ ಕ್ಲಾಸು ಮುಗಿಯೋವರೆಗೆ ಯಾವ ಮಗುವನ್ನೂ ಹೊರಗೆ ಹಾಕೋ ಹಾಗಿಲ್ಲ ಅಂತ ಅದೇ ಆರ್‌ಟಿಇ ಹೇಳುತ್ತೆ. ಮಾನ್ಯತೆ ಪಡೆದ ಖಾಸಗಿ ಶಾಲೆಗೂ 2016ರ ಕಾಯ್ದೆ ಅನ್ವಯ ಆಗುತ್ತೆ. ಮಕ್ಕಳ ಹಕ್ಕುಗಳ ಆಯೋಗಕ್ಕೆ ಒಂದು ಪತ್ರ ಹಾಕಿ, ತಾವಾಗೇ ದಾರಿಗೆ ಬರ್ತಾರೆ. ಇಲ್ಲಾಂದ್ರೆ ಆರ್‌ಟಿಇ 25% ಸೀಟು ನೋಡಿ, ಖಾಸಗಿ ಶಾಲೆಯವರು ಬಡ ಮಕ್ಕಳಿಗೆ ಅಂತ ಫೀಸಿಲ್ಲದೆ ಬಿಡಬೇಕಾದ ಸೀಟು.

ನನ್ನ ಮಗಳಿಗೂ ಇದೇ ತೊಂದ್ರೆ. ಮೂರು ವರ್ಷ ಪ್ರೈವೇಟಾಗಿ ರೆಮಿಡಿಯಲ್ ಕ್ಲಾಸು ಕೊಡಿಸಿದೆ, 45 ನಿಮಿಷಕ್ಕೆ 700 ರೂಪಾಯಿ. ಆಟೋ ದುಡ್ಡು ಬೇರೆ. ಉಪಯೋಗ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ಸೊಸೈಟಿ ಸಾಲ ಇನ್ನೂ ತೀರಿಲ್ಲ.

---

ಏಕೋಪಾಧ್ಯಾಯ · ಫೆಬ್ರವರಿ 12, ಸಂಜೆ 5:50

25% ಸೀಟಿನ ಕಥೆ ಹೇಳಿಬಿಡ್ತೀನಿ, ಯಾರೂ ಅದರ ಹಿಂದೆ ಸುತ್ತೋದು ಬೇಡ. 2019ರಲ್ಲಿ ನಮ್ಮ ರಾಜ್ಯದಲ್ಲಿ ನಿಯಮ ಬದಲಾಯ್ತು. ಅಕ್ಕಪಕ್ಕ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಖಾಸಗಿ ಶಾಲೆಯ ಆರ್‌ಟಿಇ ಸೀಟು ಸಿಗಲ್ಲ. ಅದೂ ಎಲ್‌ಕೆಜಿ ಅಥವಾ ಒಂದನೇ ತರಗತಿಗೆ ಮಾತ್ರ. ಐದಕ್ಕೆ ಹೋಗೋ ಹುಡುಗನಿಗೆ ಆ ಬಾಗಿಲು ಇಲ್ಲ.

ಹೊರಗೆ ಹಾಕೋ ಹಾಗಿಲ್ಲ ಅನ್ನೋದು ನಿಜ. ಜಗಳ ಮಾಡಿ ಉಳಿಸ್ಕೋಬಹುದು. ಆದ್ರೆ ಬೇಡ ಅಂದ ಮನೆಯಲ್ಲಿ ಮಗು ದಿನಾ ಆರು ಗಂಟೆ ಕೂರಬೇಕಲ್ಲ ಸಾರ್? ಫೀಸೂ ಕಟ್ಟಬೇಕು.

ಈಗ ಸರ್ಕಾರಿ ಶಾಲೆಗೆ ಬರೋಣ. ನಾನೇ ಹೇಳ್ತೀನಿ ಕೇಳಿ, ಎಲ್ಲ ಚೆನ್ನಾಗಿಲ್ಲ. ನನ್ನ ಶಾಲೇಲಿ 16 ಮಕ್ಕಳು, ಐದು ತರಗತಿ, ಒಬ್ಬನೇ ಮೇಷ್ಟ್ರು. ಬೆಳಿಗ್ಗೆ ಹಾಲಿನ ಪುಡಿ, ಮಧ್ಯಾಹ್ನ ಮೊಟ್ಟೆ ಲೆಕ್ಕ, ಸಂಜೆ ಆನ್‌ಲೈನ್ ಎಂಟ್ರಿ. ಆದ್ರೆ ಒಂದರಿಂದ ಮೂರರವರೆಗೆ ನಲಿಕಲಿ ಇದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ. ಮೂರೂ ತರಗತಿ ಒಂದೇ ಕೋಣೆಯಲ್ಲಿ. ಕಲಿಕಾ ಏಣಿ ಮೇಲೆ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತೆ, ಇವತ್ತು ಎಲ್ಲಿ ನಿಂತಿತೋ ನಾಳೆ ಅಲ್ಲಿಂದ. ನಿಧಾನ ಇರೋ ಮಗುವಿಗೆ ಇದಕ್ಕಿಂತ ಒಳ್ಳೇ ಏರ್ಪಾಡು ನಾನಂತೂ ನೋಡಿಲ್ಲ. ತೊಂದರೆ ಶುರುವಾಗೋದು ನಾಲ್ಕನೇ ತರಗತಿಯಲ್ಲಿ: ನಲಿಕಲಿಯ ಕಲಿಕಾ ಕಾರ್ಡು ಹೋಗಿ ಪಠ್ಯಪುಸ್ತಕ ಬರುತ್ತೆ, ಎಲ್ಲರೂ ಒಂದೇ ಪುಟ. ನಿಮ್ಮ ಹುಡುಗ ಬರೋದೇ ಆ ಹಂತಕ್ಕೆ.

ಹಾಗಾಗಿ ಬಣ್ಣ, ಸ್ಮಾರ್ಟ್ ಕ್ಲಾಸು ನೋಡಿ ಶಾಲೆ ಆರಿಸಬೇಡಿ. ನಿಮ್ಮೂರಲ್ಲಿ ಎರಡು ಮೂರು ಸರ್ಕಾರಿ ಶಾಲೆ ಇರ್ತವೆ. ಒಂದೊಂದಕ್ಕೂ ಹೋಗಿ, ಐದನೇ ತರಗತಿ ತಗೊಳೋ ಟೀಚರ್ ಯಾರು ಅಂತ ಕೇಳಿ, ಅವರ ಹತ್ರ ಕಾಲು ಗಂಟೆ ಮಾತಾಡಿ. "ಬರೆಯೋದು ಕಷ್ಟ, ಬಾಯಲ್ಲಿ ಹೇಳ್ತಾನೆ" ಅಂದಾಗ ಅವರ ಮುಖ ನೋಡಿ. ಅಷ್ಟರಲ್ಲೇ ಗೊತ್ತಾಗುತ್ತೆ.

---

ಪೇಡೆ ಊರಿನಾಕಿ · ಫೆಬ್ರವರಿ 12, ರಾತ್ರಿ 8:20

ಅಕ್ಕಾರ, ಶಾಲಿ ಹುಡುಕೂದಕ್ಕಿಂತ ಮದಲ ಒಂದು ಪರೀಕ್ಷಾ ಮಾಡಸ್ರಿ. ಕಣ್ಣು, ಕಿವಿ ಎರಡೂ. ನಮ್ಮ ತಮ್ಮನ ಮಗಗ ಎರಡು ವರ್ಷ ದಡ್ಡ ಅಂತ ಅಂದ್ರು, ಕಡೀಕ ನೋಡಿದ್ರ ಒಂದು ಕಿವಿ ಕೇಳತಿದ್ದಿಲ್ಲ. ಕಣ್ಣು, ಕಿವಿ ಛಲೋ ಅದಾವು ಅಂತ ಗೊತ್ತಾದ ಮ್ಯಾಲೆ ಬುದ್ಧಿಮಟ್ಟದ ಪರೀಕ್ಷಾ, ಆಮ್ಯಾಲೆ ಕಲಿಕಾ ನ್ಯೂನತೆ ಪರೀಕ್ಷಾ. ಹಿಂಗ ಒಂದರ ಹಿಂದ ಒಂದು.

ನಾವು ಧಾರವಾಡದಾಗ ಡಿಮ್ಹಾನ್ಸ್ ಅಂತ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರಿಗೆ ಹೋಗಿದ್ವಿ. ನಿಮಗ ಅದು ದೂರ ಆಕ್ಕತಿ, ಮೈಸೂರು ಸಮೀಪ ಅಲ್ಲೇನ್ರಿ?

---

ವಾರಕ್ಕೊಂದು ಶಾಲೆ · ಫೆಬ್ರವರಿ 12, ರಾತ್ರಿ 10:10

ನಾನು ಬಿಐಇಆರ್‌ಟಿ. ಅಂದ್ರೆ ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಕೂತು, ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಶಾಲೆಯಿಂದ ಶಾಲೆಗೆ ತಿರುಗೋ ಸಂಪನ್ಮೂಲ ಶಿಕ್ಷಕಿ. ಕೂತು ಅಂದೆ, ಕೂರೋದು ಕಮ್ಮಿ, ಬಸ್ಸಿನಲ್ಲಿ ನಿಲ್ಲೋದೇ ಜಾಸ್ತಿ.

ಮೈಸೂರಿನ ಮಾತು ಬಂತಲ್ಲ, ಅದೇ ಸರಿ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ, ಊರವರು 'ಸ್ಪೀಚ್ ಅಂಡ್ ಹಿಯರಿಂಗ್' ಅಂತಾರೆ. ಕೇಂದ್ರ ಸರ್ಕಾರದ್ದು, ಖರ್ಚು ಕಡಿಮೆ. ಕಿವಿ ಪರೀಕ್ಷೆಯೂ ಆಗುತ್ತೆ, ಕಲಿಕೆಯದ್ದೂ ನೋಡ್ತಾರೆ. ಒಂದೇ ದಿನದಲ್ಲಿ ಮುಗಿಯಲ್ಲ, ಎರಡು ಮೂರು ಸಲ ಹೋಗ್ಬೇಕಾಗಬಹುದು, ಮನಸ್ಸು ಗಟ್ಟಿ ಮಾಡ್ಕೊಂಡು ಹೋಗಿ. ಬೆಂಗಳೂರಲ್ಲಾದ್ರೆ ನಿಮ್ಹಾನ್ಸಿನ ಮಕ್ಕಳ ವಿಭಾಗ. ಒಂದು ಎಚ್ಚರ: ವರದಿ ಬೇರೆ, ಪ್ರಮಾಣಪತ್ರ ಬೇರೆ. ಯಾರೋ ಸೈಕಾಲಜಿಸ್ಟ್ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟದ್ದು ಶಾಲೆಗೆ ತಿಳುವಳಿಕೆಗೆ ಸಾಕು, ಬೋರ್ಡ್ ಪರೀಕ್ಷೆಗೆ ಸಾಲದು. ಯುಡಿಐಡಿಗೆ (ಸರ್ಕಾರದ ಅಂಗವಿಕಲರ ಗುರುತಿನ ಚೀಟಿ) ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಸರ್ಕಾರ ಗೊತ್ತುಮಾಡಿದ ಆಸ್ಪತ್ರೆಯ ಮಂಡಳಿ ಮುಂದೆ ಹೋಗ್ಬೇಕು. ಎಂಟು ವರ್ಷ ತುಂಬದ ಮಗುವಿಗೆ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಕೊಡಲ್ಲ, ನಿಮ್ಮವನಿಗೆ ಆ ತೊಂದ್ರೆ ಇಲ್ಲ. 14ಕ್ಕೆ ಮತ್ತೆ ನೋಡ್ತಾರೆ, 18ಕ್ಕೆ ಇನ್ನೊಮ್ಮೆ.

ನನ್ನ ಹೊಟ್ಟೆಗೆ ಸಂಕಟ ಆಗೋ ವಿಷಯ ಒಂದಿದೆ, ಹೇಳಿಬಿಡ್ತೀನಿ. ಬುದ್ಧಿಮಟ್ಟದ ಅಂಕ (ಐಕ್ಯೂ) 70ಕ್ಕಿಂತ ಕಮ್ಮಿ ಬಂದ್ರೆ ಬೌದ್ಧಿಕ ನ್ಯೂನತೆಯ ಪ್ರಮಾಣಪತ್ರ. 85 ದಾಟಿದ್ರೆ ಕಲಿಕಾ ನ್ಯೂನತೆ ಪರೀಕ್ಷೆಗೆ ಅರ್ಹ. ಮಧ್ಯದಲ್ಲಿ ಬೀಳೋ ಮಕ್ಕಳಿಗೆ ಏನೂ ಇಲ್ಲ. ನನ್ನ ತಾಲ್ಲೂಕಿನಲ್ಲಿ ನಾನು ಅತಿ ಹೆಚ್ಚು ನೋಡೋದು ಆ ಮಧ್ಯದ ಮಕ್ಕಳನ್ನೇ. ಅವರಿಗೆ ಟೀಚರ್ ಮನಸ್ಸು ಮಾಡಿದಷ್ಟೇ ಭಾಗ್ಯ.

ಮನೇಲಿ ಇವತ್ತಿಂದಲೇ ಮಾಡಬಹುದಾದ್ದು: ಹಳೇ ಲಗ್ನಪತ್ರಿಕೆ ಒಂದು ತಗೊಳ್ಳಿ, ದಪ್ಪ ಕಾಗದದ್ದು. ಪುಸ್ತಕದ ಒಂದು ಸಾಲಿನ ಅಗಲಕ್ಕೆ ಬ್ಲೇಡಿನಲ್ಲಿ ಕಿಟಕಿ ಕತ್ತರಿಸಿ, ಪುಟದ ಮೇಲಿಟ್ಟು ಆ ಕಿಟಕಿಯಲ್ಲಿ ಕಾಣೋ ಸಾಲು ಮಾತ್ರ ಓದಿಸಿ. ಕಣ್ಣು ಮೇಲೆ ಕೆಳಗೆ ಜಾರೋದು ಕಮ್ಮಿ ಆಗುತ್ತೆ. ಒತ್ತಕ್ಷರಕ್ಕೆ ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ ಬೆರಳಲ್ಲಿ ಬರೆಸಿ. 'ಳ' ದೊಡ್ಡದಾಗಿ ಬರೆದು, ಬಾಯಲ್ಲಿ 'ಹಳ್' ಅಂತ ನಿಲ್ಲಿಸಿ, ಆಮೇಲೆ 'ಳಿ' ಅನ್ನುವಾಗ ಕೆಳಗೆ ಒತ್ತು. ನಮ್ಮ ಲಿಪಿಯ ತಕರಾರೇ ಇದು, ಕಿವಿಗೆ ಮೊದಲು ಕೇಳಿದ್ದು ಮೇಲೆ, ಆಮೇಲೆ ಕೇಳಿದ್ದು ಕೆಳಗೆ, ಗುಡಿಸು ಮಾತ್ರ ಮತ್ತೆ ಮೇಲೆ. ಬಲಕ್ಕೆ ಹೋಗ್ತಿದ್ದ ಕಣ್ಣು ಕೆಳಗಿಳಿದು ಮತ್ತೆ ಹತ್ತಬೇಕು. ದಿನಕ್ಕೆ ಹತ್ತು ನಿಮಿಷ ಸಾಕು. ತಪ್ಪಾದ್ರೆ ಹತ್ತು ಸಲ ಬರಿ ಅನ್ನಬೇಡಿ, ಹತ್ತು ಸಲ ತಪ್ಪೇ ಬರೆದು ಅದೇ ಗಟ್ಟಿ ಆಗುತ್ತೆ.

---

ಗಡಿನಾಡ ಕನ್ನಡತಿ · ಫೆಬ್ರವರಿ 13, ಮಧ್ಯಾಹ್ನ 1:15

ಕಾಸರಗೋಡಿನಿಂದ. ನಮ್ಮಲ್ಲಿ ಬಿಆರ್‌ಸಿಯಿಂದ ಸ್ಪೆಷಲ್ ಟೀಚರ್ ಶಾಲೆಗೆ ಬರುತ್ತಾರೆ, ತುಂಬ ಒಳ್ಳೆಯವರು. ಆದರೆ ಅವರಿಗೆ ಬರುವುದು ಮಲಯಾಳ, ನನ್ನ ಮಗಳು ಓದುವುದು ಕನ್ನಡ ಮಾಧ್ಯಮ. ಅಕ್ಷರ ತಪ್ಪಿದ್ದು ಯಾಕೆ ಅಂತ ಅವರಿಗೆ ಹೇಳಲು ಆಗುವುದಿಲ್ಲ. ಲಗ್ನಪತ್ರಿಕೆ ಉಪಾಯ ಈಗಲೇ ಮಾಡಿ ನೋಡುತ್ತೇನೆ, ಮನೆಯಲ್ಲಿ ರಾಶಿ ಬಿದ್ದಿವೆ. ನಿಮಗೆ ಕನ್ನಡ ಬರುವ ಸಂಪನ್ಮೂಲ ಶಿಕ್ಷಕರು ಇದ್ದಾರಲ್ಲ, ಬಿಡಬೇಡಿ ಮಾರಾಯ್ರೆ.

---

ಸುಮ್ನೆ ಓದೋನು · ಫೆಬ್ರವರಿ 13, ರಾತ್ರಿ 9:00

ಮೊನ್ನೆ ಬರೆದದ್ದಕ್ಕೆ ಬೇಜಾರಾಗಿದ್ರೆ ಕ್ಷಮಿಸಿ. ಆದ್ರೆ ಒಂದು ಮಾತು, ಸಿಟ್ಟಾಗಬೇಡಿ. ಇಷ್ಟು ಸಣ್ಣ ಹುಡುಗನಿಗೆ 'ಅಂಗವಿಕಲ' ಅಂತ ಸರ್ಕಾರದ ಕಾಗದ ಮಾಡಿಸೋದು ಸರೀನಾ? ನಾಳೆ ಕೆಲಸ, ಮದುವೆ?

---

ಹತ್ತರ ಪಾನಾ · ಫೆಬ್ರವರಿ 13, ರಾತ್ರಿ 9:40

ಕಾಗದ ಬೀರುವಲ್ಲಿರುತ್ತೆ ಅಣ್ಣ, ಹಣೆ ಮೇಲಲ್ಲ. 'ದಡ್ಡ' ಅನ್ನೋದನ್ನ ನನ್ನ ಹಣೆ ಮೇಲೆ ಬರೆದಿದ್ರು, ಅದಕ್ಕೆ ಯಾವ ಆಫೀಸಿನ ಸೀಲೂ ಬೇಕಾಗಿರಲಿಲ್ಲ.

---

ರಾಜಾಜಿನಗರದ ಅಪ್ಪ · ಫೆಬ್ರವರಿ 13, ರಾತ್ರಿ 10:25

ಕಾಗದ ಇಲ್ಲದೆ ನಾವು ಅನುಭವಿಸಿದ್ದು ಹೇಳ್ತೀನಿ. ಎಸ್ಸೆಸ್ಸೆಲ್ಸಿಯಲ್ಲಿ ಇಂಥ ಮಕ್ಕಳಿಗೆ ಹೆಚ್ಚುವರಿ ಸಮಯ, ಬರೆಯೋಕೆ ಸಹಾಯಕರು, ಭಾಷಾ ವಿಷಯದಲ್ಲಿ ವಿನಾಯಿತಿ ಎಲ್ಲ ಇದೆ. ಆದ್ರೆ ಮುಖ್ಯಶಿಕ್ಷಕರ ಮೂಲಕ, ಪ್ರಮಾಣಪತ್ರ ಇಟ್ಟು, ಮುಂಚಿತವಾಗಿ ಕೇಳ್ಬೇಕು. ನಾವು ಯಾರೇನಂತಾರೋ ಅಂತ ಮಾಡಿಸದೆ ಕೂತೆವು. ಹತ್ತನೇ ಕ್ಲಾಸಿನ ಅರ್ಧದಲ್ಲಿ ಎದ್ದು ಓಡಾಡಿದ್ರೆ ಏನಾಗುತ್ತೆ? ಕೊನೆಗೆ ಎನ್‌ಐಒಎಸ್, ಅಂದ್ರೆ ಕೇಂದ್ರ ಸರ್ಕಾರದ ಮುಕ್ತ ಶಾಲೆಯ ಪರೀಕ್ಷೆ ಕಟ್ಟಿಸಿದೆ. ಐದು ವಿಷಯ, ಅದರಲ್ಲಿ ಒಂದು ಭಾಷೆ ಇದ್ರೆ ಸಾಕು. ಮಗಳು ಪೇಂಟಿಂಗ್ ತಗೊಂಡ್ಲು. ಒಂದೊಂದೇ ವಿಷಯ ಮುಗಿಸ್ತಾ ಹೋಗಬಹುದು, ಅದು ಇಷ್ಟ ಆಯ್ತು. ಉಚಿತ ಅಲ್ಲ, ಮತ್ತೆ ಹತ್ತನೇದಕ್ಕೆ 14 ತುಂಬಿರಬೇಕು. ನಿಮಗೆ ಅದು ಇನ್ನೂ ದೂರದ ಮಾತು.

ಮೇಷ್ಟ್ರೇ, ಜಗಳದ ವಿಷಯದಲ್ಲಿ ನಾನು ಇನ್ನೂ ಒಪ್ಪಿಲ್ಲ. ಎಲ್ಲರೂ ಸುಮ್ನೆ ಎದ್ದು ಬಂದ್ರೆ ಆ ಶಾಲೆ ಮುಂದಿನ ಮಗುವಿಗೂ ಇದನ್ನೇ ಮಾಡುತ್ತೆ.

---

ಏಕೋಪಾಧ್ಯಾಯ · ಫೆಬ್ರವರಿ 14, ಬೆಳಿಗ್ಗೆ 6:00

ನೀವು ಹೇಳೋದೂ ನಿಜ ಸಾರ್. ಆದ್ರೆ ಆ ಜಗಳ ಆಡೋಕೆ ಮಂಡಿ ಕೆಲಸ ಬಿಟ್ಟು ಎಷ್ಟು ದಿನ ಓಡಾಡಬೇಕು ಅಂತಲೂ ಲೆಕ್ಕ ಹಾಕಿ.

---

ಕೊಬ್ಬರಿ ಮನೆ · ಜುಲೈ 6, ರಾತ್ರಿ 9:15

ಇಷ್ಟು ದಿನ ಬರೀಲಿಲ್ಲ, ತಪ್ಪು ತಿಳ್ಕೋಬೇಡಿ. ಓಡಾಟವೇ ಆಗೋಯ್ತು.

ಕಣ್ಣಿಗೆ ಕನ್ನಡಕ ಬಂತು, ಸಣ್ಣ ಪವರು. ಅದರಿಂದ ತಲೆನೋವು ಹೋಯ್ತು, ಓದು ಬದಲಾಗಲಿಲ್ಲ. ಕಿವಿ ಸರಿಯಾಗಿದೆ. ಮೈಸೂರಿಗೆ ಮೂರು ಸಲ ಬೆಳಗಿನ ರೈಲಲ್ಲಿ ಹೋಗಿ ಬಂದ್ವಿ. ಬುದ್ಧಿಮಟ್ಟ ಚೆನ್ನಾಗೇ ಇದೆ, ಓದು ಬರಹ ಎರಡನೇ ಕ್ಲಾಸಿನ ಮಟ್ಟದಲ್ಲಿದೆ ಅಂತ ವರದಿ ಕೊಟ್ರು. ಅಲ್ಲಿನ ಮೇಡಂ ಅವನ ಎದುರಿಗೇ "ನಿನ್ನ ತಪ್ಪಲ್ಲ ಕಣೋ" ಅಂದ್ರು. ವಾಪಸ್ ಬರುವಾಗ ಇಡೀ ದಾರಿ ಮಾತಾಡ್ತಾನೇ ಇದ್ದ, ನಂಗೆ ತಲೆ ಚಿಟ್ಟು ಹಿಡೀತು.

ಶಾಲೆ: ಮೂರು ಕಡೆ ಹೋದೆ. ಮೊದಲನೇ ಕಡೆ ಹೆಡ್‌ಮಾಸ್ಟ್ರು "ನಮ್ಮ ರಿಸಲ್ಟ್‌ಗೆ ತೊಂದ್ರೆ" ಅಂದ್ರು. ಎರಡನೇದರಲ್ಲಿ ಟೀಚರೇ ಇರಲಿಲ್ಲ, ಅತಿಥಿ ಶಿಕ್ಷಕರು ಬರಬೇಕಂತೆ. ಮೂರನೇದು ಮನೆಯಿಂದ ಒಂದೂವರೆ ಕಿಲೋಮೀಟರ್, ಗೋಡೆ ಸೋರುತ್ತೆ. ಅಲ್ಲಿ ಐದನೇ ಕ್ಲಾಸ್ ಟೀಚರ್, ನಾನು ಹೇಳೋದು ಪೂರ್ತಿ ಕೇಳಿ, ನನ್ನ ಬಿಟ್ಟು ಅವನ ಹತ್ರ ಕೂತು, ಕೊಬ್ಬರಿ ರೇಟು ಎಷ್ಟಿದೆ ಅಂತ ಕೇಳಿದ್ರು. ಅಲ್ಲೇ ಸೇರಿಸಿದೆ. ಟಿಸಿ ಬಿಇಒ ಆಫೀಸಿನ ಅರ್ಜಿ ಆದ ಮೇಲೆ ಹದಿನೈದು ದಿನಕ್ಕೆ ಬಂತು. ಬಾಕಿ ಕಂತು ಸ್ವಲ್ಪ ಸ್ವಲ್ಪ ಕಟ್ತಿದೀವಿ, ಅದು ನಮ್ಮ ಸಾಲ ಅಂತ ಯಜಮಾನ್ರು ಹಠ ಹಿಡಿದ್ರು. ರಾಜಾಜಿನಗರದ ಸಾರ್, ಜಗಳ ಆಡೋಕೆ ನಮ್ಮ ಕೈಲಾಗಲಿಲ್ಲ.

ಎಲ್ಲ ಸರಿಹೋಗಿಲ್ಲ. ಬಿಐಇಆರ್‌ಟಿ ಮೇಡಂ ಒಂದೇ ಸಲ ಬಂದಿದಾರೆ. ಇಂಗ್ಲಿಷ್ ಪುಸ್ತಕ ತೆಗೆದ್ರೆ ಹೊಟ್ಟೆನೋವು ಅಂತಾನೆ. ಸಮಾಜ ವಿಜ್ಞಾನದ ಟೆಸ್ಟ್ ಮಾತ್ರ ಟೀಚರ್ ಬಾಯಲ್ಲೇ ಕೇಳಿದ್ರಂತೆ, ಇಪ್ಪತ್ತಕ್ಕೆ ಹದಿನೇಳು.

ನಿನ್ನೆ ಮಂಡಿ ಚೀಟಿ ಮೇಲೆ ಯಾರೂ ಹೇಳದೆ 'ಕೊಬ್ಬರಿ' ಅಂತ ಬರೆಯೋಕೆ ಹೋಗಿದಾನೆ. ಬ ಒತ್ತು 'ಬ' ಕೆಳಗೆ ಬೀಳದೆ 'ರಿ' ಕೆಳಗೆ ಬಿದ್ದಿದೆ.

---

ಹತ್ತರ ಪಾನಾ · ಜುಲೈ 6, ರಾತ್ರಿ 9:50

ಅಕ್ಕಾ, ಒತ್ತು ಕಣ್ಣಿಗೆ ಬಿತ್ತಲ್ಲ! ಪಕ್ಕದ ಮನೆಗೆ ಹೋಗಿದೆ ಅಷ್ಟೆ.

---

ವಾರಕ್ಕೊಂದು ಶಾಲೆ · ಜುಲೈ 6, ರಾತ್ರಿ 10:30

ಯುಡಿಐಡಿ ಏನಾಯ್ತು? ಬಿಐಇಆರ್‌ಟಿ ಬರಲಿಲ್ಲ ಅಂದ್ರೆ ಬಿಆರ್‌ಸಿಗೆ ನೀವೇ ಹೋಗಿ, ಈ ತಿಂಗಳ ಭೇಟಿ ಪಟ್ಟಿಯಲ್ಲಿ ಮಗನ ಹೆಸರು, ಶಾಲೆ ಹೆಸರು ಸೇರಿಸ್ಕೊಳ್ಳಿ ಅಂತ ಹೇಳಿ. ನೆನಪಿಸೋ ತಾಯಂದಿರ ಊರಿಗೇ ನಾವು ಮೊದಲು ಬಸ್ ಹತ್ತೋದು, ನಿಜ ಹೇಳ್ಬೇಕಂದ್ರೆ.

---

ಕೊಬ್ಬರಿ ಮನೆ · ಜುಲೈ 6, ರಾತ್ರಿ 10:44

ಅರ್ಜಿ ಹಾಕಿದೀನಿ, ಬರೋ ಗುರುವಾರ ಆಸ್ಪತ್ರೆಗೆ ಕರೆದಿದಾರೆ. ಮೈಸೂರಿನ ವರದಿ, ಆಧಾರ್, ಫೋಟೋ ಎಲ್ಲ ಇದೆ. ವರದಿ ಮುದುರಿ ಹೋಗ್ತಿದೆ, ಲ್ಯಾಮಿನೇಷನ್ ಮಾಡಿಸಲಾ?

---

ವಾರಕ್ಕೊಂದು ಶಾಲೆ · ಜುಲೈ 6, ರಾತ್ರಿ 10:47

ಅಯ್ಯೋ ಬೇಡ! ಅದರ ಮೇಲೆ ಸೀಲು ಹೊಡೀಬೇಕಾಗಬಹುದು. ಪ್ಲಾಸ್ಟಿಕ್ ಫೈಲಿಗೆ ಹಾಕಿ, ಮೂರು ಜೆರಾಕ್ಸ್ ತಗೊಂಡು ಹೋಗಿ. ಮಗನ ಹಳೇ ನೋಟ್‌ಬುಕ್ ಎರಡು ಜೊತೇಲಿರಲಿ, ತಿದ್ದದೇ ಇರೋದು.